ಮೊರದಲ್ಲಿ ಆರಿಸಿದ ಗಾಳ

ನನ್ನ ಎಡಗೈ ಹೆಬ್ಬೆರಳಿನ ಉಗುರನ್ನು ನೀವು ನೋಡಿಲ್ಲ. ನೋಡಿದವರು ಕೇಳದೆ ಬಿಡುವುದಿಲ್ಲ. ಈಚೆಗೆ ಬಂಗಾರಪೇಟೆಯಲ್ಲಿ ಒಂದು ಮದುವೆಗೆ ಹೋಗಿದ್ದಾಗ ಬಳೆ ತೊಡಿಸುತ್ತಿದ್ದವಳು ಕೈ ಹಿಡಿದುಕೊಂಡು, "ಇದೇನಕ್ಕ, ಉಗುರ ಮೇಲೆ ಇಷ್ಟೊಂದು ಗೀಟು? ಮನೇಲಿ ಬೆಕ್ಕು ಸಾಕಿದ್ದೀರಾ?" ಅಂದಳು. ಇಲ್ಲಮ್ಮ, ಮೀನಿನ ಗಾಳದ ಮೊನೆ ನೋಡಿ ನೋಡಿ ಹೀಗಾಗಿದೆ ಅಂದೆ. ಅವಳು ನನ್ನ ಮುಖ ನೋಡಿದಳು, ಉಟ್ಟಿದ್ದ ರೇಷ್ಮೆ ಸೀರೆ ನೋಡಿದಳು, ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಮೀನು ಮಾರ್ತೀರಾ?" ಅಂತ ಕೇಳಿದಳು. ಮಾರುವುದಿಲ್ಲ, ಹಿಡಿಯುವುದಿಲ್ಲ, ಸೋಮವಾರ ಶನಿವಾರ ತಿನ್ನುವುದೂ ಇಲ್ಲ. ಗಾಳಕ್ಕೆ ಹುಳ ಕಟ್ಟುತ್ತೇನೆ, ಅಷ್ಟೆ. ಆದರೆ ಅವಳಿಗೆ ಇದನ್ನೆಲ್ಲ ಹೇಳುವಷ್ಟು ಹೊತ್ತು ಇರಲಿಲ್ಲ, ಹಿಂದೆ ಇನ್ನೂ ಎಂಟು ಜನ ಕೈ ಚಾಚಿಕೊಂಡು ನಿಂತಿದ್ದರು.

ನಿಮಗೆ ಹೇಳುತ್ತೇನೆ. ಯಾಕೆಂದರೆ ಆ ಗೀಟುಗಳಲ್ಲಿ ಒಂದು ನಮ್ಮತ್ತೆಯ ಹಸುವಿನ ಪ್ರಾಣಕ್ಕೆ ಬಂದ ಗಾಳದ್ದು. ಯಾವುದು ಅಂತ ಈಗ ಗುರುತು ಸಿಗುವುದಿಲ್ಲ. ಉಗುರು ಬೆಳೆದು, ಕತ್ತರಿಸಿ, ಅದು ಎಂದೋ ಹೋಗಿರಬೇಕು. ಆದರೂ ಉಗುರು ಕಂಡಾಗಲೆಲ್ಲ ಆ ಗೀಟನ್ನೇ ಹುಡುಕುತ್ತೇನೆ.

ತಣ್ಣನೆಯ ದೇಶಗಳಲ್ಲಿ ಮೊಣಕಾಲುದ್ದದ ಹೊಳೆಯಲ್ಲಿ ನಿಂತು ಮೀನು ಹಿಡಿಯುವ ಜನರಿದ್ದಾರಂತೆ. ನಮ್ಮ ಬೇತಮಂಗಲದ ಕೆರೆ ದಂಡೆಯಲ್ಲಿ ಕೂರುವವರ ಹಾಗೆ ಅವರು ಎರೆಹುಳ ಸಿಕ್ಕಿಸುವುದಿಲ್ಲ, ರಾಗಿಮುದ್ದೆ ಮೆತ್ತುವುದಿಲ್ಲ. ಅವರಿಗೆ ಕೋಳಿಯ ಕತ್ತಿನ ಗರಿ, ಮೊಲದ ಕೂದಲು, ರೇಷ್ಮೆ ದಾರ ಸುತ್ತಿ ಮಾಡಿದ ಸುಳ್ಳುಹುಳವೇ ಬೇಕು. ರಾಬರ್ಟ್‌ಸನ್ ಪೇಟೆಯಲ್ಲಿ ಸ್ಟ್ಯಾನ್ಲಿ ಸರ್ ಅನ್ನುವವರು ಹತ್ತು ಹನ್ನೆರಡು ಹೆಂಗಸರ ಕೈಲಿ ಇವನ್ನು ಕಟ್ಟಿಸಿ ಹೊರದೇಶಕ್ಕೆ ಕಳಿಸುತ್ತಾರೆ. ನಾನು ಮದುವೆಯಾಗಿ ಕ್ಯಾಸಂಬಳ್ಳಿ ಪಕ್ಕದ ಹಳ್ಳಿಗೆ ಬಂದವಳು, ನಮ್ಮ ಮನೆ ಜಗಲಿಯ ಮೇಲೆಯೇ ಕೂತು ಕಟ್ಟುತ್ತೇನೆ. ಮೊದಲ ದಿನ ನಮ್ಮತ್ತೆ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿ, "ಮನುಷ್ರಿಗ್ ಮೋಸ ಮಾಡೋದು ಸಾಲ್ದು ಅಂತ ಈಗ ಮೀನಿಗೂ ಸುರುವಾಯ್ತಾ?" ಅಂದಿದ್ದರು. ಹಿಡಿದ ಮೀನನ್ನು ಆ ಜನ ಮತ್ತೆ ನೀರಿಗೇ ಬಿಡುತ್ತಾರೆ ಅಂತ ಗೊತ್ತಾದಾಗಲಂತೂ ಅವರಿಗೆ ತಡೆಯಲಾಗಲಿಲ್ಲ. "ಬಿಡೋದಾದ್ರೆ ಇಡ್ಯೋದ್ಯಾಕೆ?" ಅಂತ ಎರಡು ದಿನ ಸಿಕ್ಕಸಿಕ್ಕವರನ್ನೆಲ್ಲ ಕೇಳಿದರು. 

ಈ ಕಸುಬಿನಲ್ಲಿ ಕಟ್ಟುವುದು ಕೈ ಅಭ್ಯಾಸ. ಕಷ್ಟವಿರುವುದು ಗಾಳ ಆರಿಸುವುದರಲ್ಲಿ. ಅದರಲ್ಲೂ ಜಿಗ್ ಗಾಳ. ಸಾಮಾನ್ಯ ಗಾಳದ ತಲೆಯ ಕಣ್ಣು ನೆಟ್ಟಗಿರುತ್ತದೆ. ಜಿಗ್ ಗಾಳದ್ದು ಕತ್ತಿನ ಹತ್ತಿರ ಮೇಲಕ್ಕೆ ಬಗ್ಗಿರುತ್ತದೆ, ಅಲ್ಲಿ ಸೀಳಿದ ಮಣಿಯೊಂದು ಕೂರುತ್ತದೆ. ಮಣಿಯ ಭಾರಕ್ಕೆ ಗಾಳ ನೀರಿನೊಳಗೆ ಮಗುಚಿಕೊಂಡು ಮೊನೆ ಮೇಲಾಗಿ ಓಡಾಡುತ್ತದೆ, ತಳದ ಕಲ್ಲಿಗೆ ಸಿಕ್ಕಿಕೊಳ್ಳುವುದಿಲ್ಲ. ಬಾಗು ಒಂದು ಎಳೆಯಷ್ಟು ಹೆಚ್ಚುಕಮ್ಮಿಯಾದರೂ ಮಣಿ ಕೂರುವುದಿಲ್ಲ. ತಂತಿ ಸಣ್ಣದಾದರೆ ಮೀನು ನೆಟ್ಟಗೆ ಮಾಡಿಬಿಡುತ್ತದೆ, ದಪ್ಪವಾದರೆ ಬಾಯಿಗೆ ಇಳಿಯುವುದಿಲ್ಲ. ಮೊನೆಯನ್ನು ಉಗುರ ಮೇಲೆ ಮೆಲ್ಲಗೆ ಎಳೆಯಬೇಕು. ಕಚ್ಚಿ ನಿಂತರೆ ಚೂಪು, ಜಾರಿದರೆ ಮೊಂಡು. ನಾನು ಇದಕ್ಕೆ ಇನ್ನೊಂದು ಪರೀಕ್ಷೆ ಸೇರಿಸಿಕೊಂಡಿದ್ದೇನೆ. ಗಾಳದ ಮೈಗೆ ಹತ್ತಿಯ ಉಂಡೆ ಸವರುತ್ತೇನೆ. ಮೊನೆ ಬಿಟ್ಟು ಬೇರೆಲ್ಲಾದರೂ ಹತ್ತಿ ಎಳೆ ಹಿಡಿದರೆ ಅದು ಒರಟು ಗಾಳ, ದಾರ ಕಡಿಯುತ್ತದೆ, ಆಚೆಗೆ.

ಹತ್ತಿಯ ಪರೀಕ್ಷೆ ನಮ್ಮಪ್ಪನದು. ಅಪ್ಪ ಕೋಲಾರದ ಚಿನ್ನದ ಗಣಿಯಲ್ಲಿ ಹಗ್ಗ ನೋಡುವ ಕೆಲಸದಲ್ಲಿದ್ದರು. ಹಗ್ಗ ಅಂದರೆ ಉಕ್ಕಿನ ಹಗ್ಗ, ಜನ ನಿಂತ ಪಂಜರವನ್ನು ನೆಲದೊಳಕ್ಕೆ ಇಳಿಸುವುದು, ಎತ್ತುವುದು ಅದೇ. ದಿನವೂ ಅದನ್ನು ನಿಧಾನವಾಗಿ ಓಡಿಸುತ್ತಾ ಅಪ್ಪ ಕೈಯಲ್ಲಿ ಹತ್ತಿ ಹಿಡಿದು ಸುತ್ತಲೂ ಸವರುತ್ತಿದ್ದರು. ಎಲ್ಲಾದರೂ ಒಂದು ಎಳೆ ಕಿತ್ತಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತಿತ್ತು. ಒಂದು ದಿನ ಬೆಳಗಿನ ಪಾಳಿಯವರು ಇಳಿಯಲು ಸಾಲುಗಟ್ಟಿ ನಿಂತಿದ್ದಾಗ ಅಪ್ಪನ ಕೈಗೆ ಏನೋ ತಗುಲಿದ ಹಾಗಾಯಿತಂತೆ. ಹತ್ತಿಯಲ್ಲಿ ಗುರುತಿಲ್ಲ, ಕಣ್ಣಿಗೂ ಕಾಣಲಿಲ್ಲ. ಅಪ್ಪ ನಿಲ್ಲಿಸಿ ಅಂದುಬಿಟ್ಟರು. ಮುಕ್ಕಾಲು ಗಂಟೆ ಎಲ್ಲರೂ ಕಾದರು, ಮೂರು ಭಾಷೆಗಳಲ್ಲಿ ಬೈದರು. ಕೊನೆಗೆ ಸಿಕ್ಕಿದ್ದು ಒಣಗಿ ಗಟ್ಟಿಯಾದ ಗ್ರೀಸಿನ ಹರಳು. ವಾರಗಟ್ಟಲೆ ಗಣಿ ಕೆಲಸಗಾರರ ನಮ್ಮ ಲೈನ್ ಮನೆಗಳಲ್ಲಿ ಅಪ್ಪನನ್ನು ಎಲ್ಲರೂ ಗ್ರೀಸು ಅಂತಲೇ ಕರೆದರು. ನಾನು ಅಳುತ್ತಾ ಬಂದು ಹೇಳಿದಾಗ ಅಪ್ಪ ಸೌತೆಕಾಯಿ ಹೆಚ್ಚುತ್ತಾ, "ಅನುಮಾನ ಬಂದ್ರೆ ಆವಾಗ್ಲೇ ಬಾಯಿ ಬಿಡ್ಬೇಕಮ್ಮ. ನಗೋರು ಆಮೇಲೆ ನಕ್ಕೊಳ್ಳಿ. ಬದುಕಿದ್ರೇ ತಾನೆ ನಗೋದು" ಅಂದಿದ್ದರು.

ಈ ಮಾತನ್ನು ನಾನು ಎಷ್ಟೋ ಜನಕ್ಕೆ ಹೇಳಿ ಹೆಮ್ಮೆ ಪಟ್ಟಿದ್ದೇನೆ. ಹೇಳುವುದಕ್ಕೆ ಏನಂತೆ, ನಾಲಿಗೆಗೆ ಮೂಳೆಯೇ ಇಲ್ಲ.

ಇನ್ನು ಆ ದಿನಕ್ಕೆ ಬರುತ್ತೇನೆ. ನಾವು ಯಾವಾಗಲೂ ತರಿಸುತ್ತಿದ್ದ ಜಿಗ್ ಗಾಳ ಸಿಗದೆ ಹೋಗಿ, ಸ್ಟ್ಯಾನ್ಲಿ ಸರ್ ಬೇರೆ ಎರಡು ಕಡೆಯಿಂದ ಮಾದರಿ ತರಿಸಿದ್ದರು. ಒಂದು ಕಪ್ಪು, ಮೊನೆಯ ಹಿಂದೆ, ಸಿಕ್ಕಿದ್ದು ಜಾರದಂತೆ ತಡೆಯುವ ಎದುರುಮುಳ್ಳಿಲ್ಲದ್ದು. ಇನ್ನೊಂದು ಕಂಚಿನ ಬಣ್ಣದ್ದು, ಸಾಸಿವೆಯ ಸಿಪ್ಪೆಯಷ್ಟು ಎದುರುಮುಳ್ಳು ಇರುವುದು. ತಲಾ ಐವತ್ತು. "ಮಂಜುಳಮ್ಮ, ನಿಮ್ಮಪ್ಪನ ಕೈ ನಿಮಗಿದೆ. ಯಾವುದು ಅಂತ ನೀವೇ ಆರಿಸಿ ಮಧ್ಯಾಹ್ನದೊಳಗೆ ಹೇಳಿ, ನಾನು ಆರ್ಡರ್ ಹಾಕಬೇಕು" ಅಂದಿದ್ದರು. ನನಗೆ ಕೋಡು ಬರದೆ ಇರುತ್ತದೆಯೇ?

ಗಾಳ ಆರಿಸಲು ನಾನು ಮೊರ ಬಳಸುತ್ತೇನೆ. ನಗಬೇಡಿ. ಸ್ಟೀಲ್ ತಟ್ಟೆ ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಬಟ್ಟೆಗೆ ಗಾಳ ಸಿಕ್ಕಿಕೊಳ್ಳುತ್ತದೆ. ಬಿದಿರಿನ ಮೊರದಲ್ಲಿ ಹರಡಿ ಮೆಲ್ಲಗೆ ತಟ್ಟಿದರೆ ಕಣ್ಣು ಸರಿಯಾಗಿ ಬಗ್ಗಿದ ಗಾಳ ನಿಂತಲ್ಲೇ ನಿಲ್ಲುತ್ತದೆ, ಸರಿಯಿಲ್ಲದ್ದು ಉರುಳುತ್ತದೆ. ಕಲ್ಲು ಆರಿಸುವ ಹಾಗೇ. ನಮ್ಮ ಮನೆಯಲ್ಲಿ ಮೊರ ಎರಡು. ಹೊಸದು ರಾಗಿ, ಅಕ್ಕಿಗೆ. ಸಗಣಿ ಸಾರಿಸಿದ್ದು ಉದುರಿ ಅಲ್ಲಲ್ಲಿ ಸಂದು ಬಿಟ್ಟ ಹಳೆಯದು ಹಸುವಿನ ಬೂಸಾಕ್ಕೆ. ತಿನ್ನುವ ಅಕ್ಕಿಯಲ್ಲಿ ಗಾಳ ಸೇರಿಬಿಟ್ಟರೆ ಗತಿಯೇನು ಅಂತ ನಾನು ಬುದ್ಧಿವಂತಿಕೆಯಿಂದ ಹಳೆಯ ಮೊರವನ್ನೇ ತೆಗೆದುಕೊಂಡೆ. ಮನುಷ್ಯರ ಹೊಟ್ಟೆ ಒಂದನ್ನೇ ಹೊಟ್ಟೆ ಅಂತ ಎಣಿಸಿದ್ದೆ.

ಬಾಗು ನೋಡಿದೆ, ಹತ್ತಿ ಸವರಿದೆ, ಉಗುರಿಗೆ ಎಳೆದೆ. ಕಪ್ಪು ಚೆನ್ನಾಗಿತ್ತು. ಆದರೆ ಕಂಚಿನದು ಉಗುರನ್ನು ಮುಟ್ಟಿದ ಕೂಡಲೇ ಕಚ್ಚುತ್ತಿತ್ತು. ಹತ್ತಿಯ ಎಳೆಗೆ ತಗುಲಿಸಿ ಎಳೆದರೆ ಎದುರುಮುಳ್ಳು ಬಿಡುತ್ತಲೇ ಇರಲಿಲ್ಲ. ಹಿಡಿದರೆ ಬಿಡದ ಗಾಳ, ಇದೇ ಸರಿ ಅಂತ ಮನಸ್ಸಿನಲ್ಲೇ ತೀರ್ಪು ಕೊಟ್ಟೆ. ಅಷ್ಟರಲ್ಲಿ ಬೀದಿ ಕೊನೆಯಲ್ಲಿ ಗ್ಯಾಸ್ ಸಿಲಿಂಡರಿನ ಆಟೋ ಹಾರನ್ ಹೊಡೆಯಿತು. ಅದು ಎರಡು ಸಲ ಹಾರನ್ ಹೊಡೆದು ಹೊರಟುಬಿಡುವ ಗಾಡಿ. ಗಾಳಗಳನ್ನು ಡಬ್ಬಿಗೆ ಸುರಿದು, ಮೊರವನ್ನು ಜಗಲಿಯ ಮೇಲೇ ಬಿಟ್ಟು, ಖಾಲಿ ಸಿಲಿಂಡರ್ ಉರುಳಿಸಿಕೊಂಡು ಓಡಿದೆ.

ಅರ್ಧ ಗಂಟೆ ಬಿಟ್ಟು ಬಂದಾಗ ಜಗಲಿಯ ಮೇಲೆ ಮೊರ ಇರಲಿಲ್ಲ. ಡಬ್ಬಿ ತೆಗೆದು ಎಣಿಸಿದೆ. ಕಪ್ಪು ಐವತ್ತು. ಕಂಚಿನದು ನಲವತ್ತೊಂಬತ್ತು. ಮತ್ತೆ ಎಣಿಸಿದೆ. ಡಬ್ಬಿಯ ಮುಚ್ಚಳ ಒದರಿದೆ, ಸೀರೆ ಒದರಿದೆ. ನಲವತ್ತೊಂಬತ್ತು. ಕೊಟ್ಟಿಗೆಗೆ ಹೋದೆ. ಮೊರ ಬಾನಿಯ ಪಕ್ಕದಲ್ಲಿ ಬೋರಲು ಬಿದ್ದಿತ್ತು, ಅದರ ಅಂಚಿಗೆ ಅತ್ತೆ ಹಾಕಿದ ಬೂಸಾದ ಹೊಟ್ಟು ಅಂಟಿತ್ತು. ಚುಕ್ಕಿ ಬಾನಿಯ ತಳವನ್ನು ನಾಲಿಗೆಯಿಂದ ಸವರಿ ಸವರಿ ನೆಕ್ಕುತ್ತಿದ್ದಳು.

ಚುಕ್ಕಿ ನಮ್ಮತ್ತೆಯ ಹಸು. ನಮ್ಮ ಹಸು ಅಂತ ನಾನು ಅನ್ನುವುದಿಲ್ಲ. ಅದರ ತಾಯಿ ಹೆತ್ತ ಮೂರನೇ ದಿನಕ್ಕೆ ಸತ್ತಾಗ, ಅತ್ತೆ ಬಾಟಲಿಗೆ ನಿಪ್ಪಲ್ ಹಾಕಿ ಕುಡಿಸಿ ಸಾಕಿದ್ದರು. ಮಾವ ಹೋದ ಮೇಲೆ ಅತ್ತೆ ಮಾತಾಡುತ್ತಿದ್ದುದೆಲ್ಲ ಅದರ ಜೊತೆಗೇ. ಈಗ ಅದು ಎಂಟು ತಿಂಗಳ ಗಬ್ಬ, ಹಾಲು ಬತ್ತಿತ್ತು. ಕೆಜಿಎಫ್ ಲೈನ್ ಮನೆಯಿಂದ ಬಂದ ನನಗೆ ಹಸುವಿನ ಮುಂದುಗಡೆ ಯಾವುದು, ಹಿಂದುಗಡೆ ಯಾವುದು ಅನ್ನುವುದೊಂದೇ ಗೊತ್ತಿರುವುದು ಅಂತ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಆ ಮಾತು ನಿಂತು ಒಂದು ವರ್ಷವಾಗಿತ್ತು. ಅದನ್ನು ನಾನು ಸಂಪಾದನೆ ಅಂತಲೇ ಅಂದುಕೊಂಡಿದ್ದೆ.

ಆ ಕ್ಷಣದಲ್ಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಆದರೆ ಗಾಳ ಜಗಲಿಯಲ್ಲೇ ಬಿದ್ದಿರಬಹುದಲ್ಲ, ಪೊಟ್ಟಣ ಕಟ್ಟುವಾಗಲೇ ಸರ್ ಒಂದು ಕಮ್ಮಿ ಹಾಕಿರಬಹುದಲ್ಲ, ಸುಮ್ಮನೆ ಮನೆಯಲ್ಲಿ ರಂಪ ಯಾಕೆ ಅಂತ ನನ್ನ ಬುದ್ಧಿ ಒಂದೊಂದೇ ಹೊದಿಕೆ ತಂದು ಹೊದಿಸಿತು. ಅಯಸ್ಕಾಂತದ ತುಂಡೊಂದನ್ನು ದಾರಕ್ಕೆ ಕಟ್ಟಿ ಜಗಲಿಯ ಮೇಲೆ, ಅಂಗಳದಲ್ಲಿ, ಕೊಟ್ಟಿಗೆಯ ಮೋರಿಯಲ್ಲಿ ಎಳೆದಾಡಿದೆ. ಎರಡು ತುಕ್ಕು ಮೊಳೆ, ಒಂದು ಪಿನ್ನು ಸಿಕ್ಕವು. ಅತ್ತೆ ಬಂದು ಹಿಂದೆ ನಿಂತಿದ್ದು ಗೊತ್ತಾಗಲಿಲ್ಲ.

"ಏನಮ್ಮ ಉಡುಕ್ತಿದ್ದೀಯ?"

"ಓಲೆ ತಿರುಪು, ಅತ್ತೆ" ಅಂದೆ.

ಎಲ್ಲಿಂದ ಬಂತೋ ಆ ಮಾತು. ಚಿನ್ನದ ಊರಿನವಳಿಗೆ ಸುಳ್ಳು ಹೇಳಲೂ ಚಿನ್ನವೇ ಬೇಕಾಯಿತು. ಅತ್ತೆ ಸೀರೆ ಎತ್ತಿ ಕಟ್ಟಿ, ಮಂಡಿಯೂರಿ, ನನ್ನ ಜೊತೆ ಹುಡುಕಲು ಶುರು ಮಾಡಿದರು. ಎಪ್ಪತ್ತು ದಾಟಿದ ಜೀವ, ಇಲ್ಲದ ತಿರುಪಿಗಾಗಿ ಸಗಣಿಯನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ನೋಡುತ್ತಿತ್ತು. ನಾನು ಪಕ್ಕದಲ್ಲಿ ಕೂತು ಅದೇ ಸಗಣಿಯಲ್ಲಿ ಗಾಳ ಹುಡುಕುತ್ತಿದ್ದೆ. ಹನ್ನೆರಡು ಗಂಟೆಗೆ ಸ್ಟ್ಯಾನ್ಲಿ ಸರ್ ಫೋನು ಬಂತು, ಎತ್ತಲಿಲ್ಲ. ಒಂದು ಗಂಟೆಗೆ ಬಂತು, ಎತ್ತಲಿಲ್ಲ. ಊಟಕ್ಕೆ ಕೂತು ಮುದ್ದೆ ಮುರಿದೆ. ಮುದ್ದೆಯನ್ನು ಅಗಿಯದೆ ನುಂಗುತ್ತೇವಲ್ಲ, ಹಸುವೂ ಹೀಗೇ ನುಂಗುತ್ತದೆ ಅನ್ನುವುದು ಆಗ ಹೊಳೆದು, ಕೈ ತೊಳೆದುಬಿಟ್ಟೆ.

ಸಂಜೆ ಐದಕ್ಕೆ ಅತ್ತೆ ಬೂಸಾ ಕಲಸಿ ಇಟ್ಟರು. ಚುಕ್ಕಿ ಮೂಸಿದಳು, ಎರಡು ಗುಟುಕು ಎಳೆದಳು, ಮುಖ ತಿರುಗಿಸಿದಳು.

ಸೆಕೆಗೆ ಇರಬಹುದು, ಗಬ್ಬದ ಸುಸ್ತಿಗೆ ಇರಬಹುದು. ನನಗೆ ಇನ್ನು ಯಾವ ಹೊದಿಕೆಯೂ ಸಾಕಾಗಲಿಲ್ಲ. ಅಲ್ಲೇ ಕೊಟ್ಟಿಗೆಯ ಕಂಬ ಹಿಡಿದುಕೊಂಡು ಎಲ್ಲವನ್ನೂ ಹೇಳಿದೆ. ಮೊರ, ಗ್ಯಾಸ್ ಗಾಡಿ, ನಲವತ್ತೊಂಬತ್ತು. ತಿರುಪು ಕಳೆದಿಲ್ಲ ಅಂತಲೂ ಹೇಳಿದೆ.

"ಅದು ಗೊತ್ತು" ಅಂದರು ಅತ್ತೆ. "ಎರಡು ಓಲೇನೂ ಬಿಗಿಯಾಗೇ ಕಿವೀಲ್ ಅವೆ. ಏನೋ ದೊಡ್ಡದೇ ಕಳ್ಕೊಂಡವ್ಳೆ, ಏಳ್ತಾಳೆ ಅಂತ ನಾನೂ ಕಾದೆ."

ಆಮೇಲೆ ಕೇಳಿದರು, "ಎಷ್ಟೊತ್ನಾಗ್ ಗೊತ್ತಾಯ್ತು ನಿಂಗೆ?"

"ಒಂಬತ್ತೂವರೆ."

ಅತ್ತೆ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಇಳಿಯುತ್ತಿದ್ದ ಹೊತ್ತಿನ ಕಡೆ ನೋಡಿ, "ಒಂಬತ್ತೂವರೆಗೇ ಏಳಿದ್ರೆ ಡಾಕ್ಟ್ರು ಕ್ಯಾಸಂಬಳ್ಳೀಲೇ ಸಿಗ್ತಿದ್ರಲ್ಲಮ್ಮ" ಅಂದರು, ಅಷ್ಟೆ. ಆ ಮಾತು ಎದುರುಮುಳ್ಳಿನ ಹಾಗೆ ಒಳಗೆ ಕೂತಿತು. ಈಗಲೂ ಇದೆ.

ದನದ ಡಾಕ್ಟರು ಫೋನಿನಲ್ಲಿ ಸಿಕ್ಕರು. ಬೆಳಗ್ಗೆ ಮೊದಲು ನಿಮ್ಮ ಮನೆಗೇ ಬರುತ್ತೇನೆ, ಅಲ್ಲಿಯವರೆಗೆ ಹಸು ಮಲಗದ ಹಾಗೆ ನೋಡಿ, ಮುಂಗಾಲು ಎತ್ತರದಲ್ಲಿರಲಿ, ಹಾಗಿದ್ದರೆ ಲೋಹದ್ದೇನಿದ್ದರೂ ಎದೆಯ ಕಡೆಗೆ ಒತ್ತುವುದಿಲ್ಲ ಅಂದರು. ಬಂಗಾರಪೇಟೆಯಲ್ಲಿ ರೈಲು ಇಳಿದು ಬಂದ ನಮ್ಮ ಯಜಮಾನರು ಊಟದ ಡಬ್ಬಿಯನ್ನೂ ಒಳಗಿಡದೆ ಮಣ್ಣು ಹೊತ್ತು ತಂದು ಕೊಟ್ಟಿಗೆಯಲ್ಲಿ ಒಂದು ಗೇಣು ದಿಣ್ಣೆ ಹಾಕಿದರು. "ಏನ್ ನುಂಗ್ತು? ಎಂಗ್ ನುಂಗ್ತು?" ಅಂತ ಕೇಳುತ್ತಲೇ ಇದ್ದರು.

"ಬೂಸಾದಾಗ ಮೊಳೆ ಇತ್ತು ಕಣ್ಲಾ" ಅಂದರು ಅತ್ತೆ. "ನಾನೇ ನೋಡ್ದೆ ಆಕ್ಬಿಟ್ಟೆ. ಕಣ್ಣು ಮಂಜು."

ನಾನು ಅಲ್ಲೇ ಮಂಕರಿ ಹಿಡಿದು ನಿಂತಿದ್ದೆ. ಇಲ್ಲ ಅನ್ನಬೇಕಿತ್ತು. ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಗಂಡನ ಮುಖದಲ್ಲಿದ್ದ ಸಿಟ್ಟು ತಾಯಿಯನ್ನು ಕಂಡು ಕರಗಿದ್ದನ್ನು ನೋಡಿದೆ, ಅದು ನನ್ನನ್ನು ಕಂಡರೆ ಕರಗುವ ಸಿಟ್ಟಲ್ಲ ಅಂತ ಲೆಕ್ಕ ಹಾಕಿದೆ, ಮಂಕರಿಗೆ ಮಣ್ಣು ತುಂಬಿದೆ. ಒಂದೇ ದಿನದಲ್ಲಿ ಎರಡು ಸಲ ಬಾಯಿ ಮುಚ್ಚಿಕೊಂಡೆ. ಗ್ರೀಸು ಅಂತ ಕರೆಸಿಕೊಂಡವರ ಮಗಳು ನಾನು.

ಬೆಳಗ್ಗೆ ಯಜಮಾನರು ರೈಲಿಗೆ ಹೋದ ಮೇಲೆ ಡಾಕ್ಟರು ಬಂದರು. ಅವರಿಗೆ ಮಾತ್ರ ನಿಜ ಹೇಳಿದೆ, ಕಂಚಿನ ಗಾಳವೊಂದನ್ನು ಅಂಗೈ ಮೇಲಿಟ್ಟು ತೋರಿಸಿದೆ. ಅವರು ಅದನ್ನು ಬೆರಳಿಗೆ ತಾಗಿಸಿ, "ಮುಳ್ಳಿದೆಯಲ್ರೀ" ಅಂದರು. ಮುಳ್ಳಿಲ್ಲದ್ದಾಗಿದ್ದರೆ ಜಾರಿಕೊಂಡು ಹೋಗುವ ಆಸೆಯಾದರೂ ಇತ್ತು ಅನ್ನುವುದನ್ನು ಅವರು ಹೇಳಲಿಲ್ಲ, ನನಗೆ ಕೇಳಿಸಿತು. ಬೆರಳುದ್ದದ ನುಣ್ಣನೆಯ ಅಯಸ್ಕಾಂತವನ್ನು ಕೊಳವೆಯಲ್ಲಿಟ್ಟು ಚುಕ್ಕಿಯ ಗಂಟಲಿಗೆ ಇಳಿಸಿದರು. ಅತ್ತೆ ಅದರ ಮೂಗು ಹಿಡಿದುಕೊಂಡು ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಆಮೇಲೆ ಡಾಕ್ಟರು ಒಂದು ಪುಟ್ಟ ದಿಕ್ಸೂಚಿಯನ್ನು ಹಸುವಿನ ಎದೆಯ ಎಡಗಡೆ ಹಿಡಿದಾಗ ಮುಳ್ಳು ಗಿರ್ರನೆ ತಿರುಗಿ ಹಸುವಿನ ಕಡೆ ನಿಂತಿತು. ಅಯಸ್ಕಾಂತ ಸರಿಯಾದ ಜಾಗದಲ್ಲಿ ಕೂತಿದೆ ಅಂದರು.

"ಗಾಳ ಅದಕ್ಕೆ ಅಂಟ್ಕೊಂಡಿದೆಯಾ ಸರ್?"

"ಅದು ಗೊತ್ತಾಗಲ್ಲಮ್ಮ. ಕರು ದೊಡ್ಡದಾಗ್ತಾ ಹೊಟ್ಟೆ ಮುಂದಕ್ಕೆ ಒತ್ತುತ್ತೆ. ಕರು ಹಾಕೋವರೆಗೂ ಭಯಾನೇ. ಮೇವು ಬಿಟ್ರೆ, ಮೆಲುಕು ಕಮ್ಮಿಯಾದ್ರೆ, ಇಳಿಜಾರಿನಲ್ಲಿ ಇಳಿಯುವಾಗ ನರಳಿದ್ರೆ ತಕ್ಷಣ ಫೋನ್ ಮಾಡಿ." ಗಾಡಿ ಹತ್ತುವಾಗ ನನ್ನ ಕಡೆ ತಿರುಗಿ, "ತಕ್ಷಣ" ಅಂತ ಇನ್ನೊಂದು ಸಲ ಅಂದರು.

ಅಂದೇ ಸ್ಟ್ಯಾನ್ಲಿ ಸರ್‌ಗೆ ಫೋನು ಮಾಡಿ ಕಪ್ಪು ಗಾಳ ಅಂದೆ. ಅವರು ಖುಷಿಪಟ್ಟರು. ಮೀನು ಬಿಡುವ ಜನ, ಎದುರುಮುಳ್ಳಿಲ್ಲದ್ದನ್ನೇ ಕೇಳುತ್ತಾರೆ, ನಿಮಗೆ ಹೇಗೆ ಗೊತ್ತಾಯಿತು, ನಿಮ್ಮಪ್ಪನ ಕೈಯೇ ಕೈ ಅಂದರು. ನಾನು ಫೋನನ್ನು ಕೆಳಗಿಟ್ಟೆ.

ಆಮೇಲಿನ ಐದು ವಾರ ನಮ್ಮ ಮನೆ ಚುಕ್ಕಿಯ ಬಾಯನ್ನೇ ನೋಡಿಕೊಂಡು ಬದುಕಿತು. ಒಂದು ಉಂಡೆ ಮೆಲುಕಿಗೆ ಹಸು ಐವತ್ತರ ಮೇಲೆ ಅಗಿಯಬೇಕು ಅಂತ ಡಾಕ್ಟರು ಹೇಳಿದ್ದರು. ಮಧ್ಯಾಹ್ನ ಅತ್ತೆ ಹಸುವಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಎಣಿಸುತ್ತಿದ್ದರು. ಅವರ ತವರು ಆಂಧ್ರದ ಗಡಿಯಾಚೆ, ಎಣಿಕೆ ತೆಲುಗಿನಲ್ಲೇ ಬರುವುದು. ಒಕಟಿ, ರೆಂಡು, ಮೂಡು ಅಂತ ಅಡುಗೆಮನೆಯವರೆಗೂ ಕೇಳುತ್ತಿತ್ತು. ನಲವತ್ತರ ಹತ್ತಿರ ಬಂದಾಗ ನನ್ನ ಕೈಯಲ್ಲಿದ್ದ ಸೌಟು ನಿಲ್ಲುತ್ತಿತ್ತು. ಒಂದು ದಿನ ಮೂವತ್ತೆಂಟಕ್ಕೇ ನಿಂತಿತು. ನಾನು ಬಾಗಿಲಿಗೆ ಓಡಿದೆ, ಅಷ್ಟರಲ್ಲಿ ನೊಣ ಕೂತಿತ್ತು, ತಲೆ ಒದರಿತು ಅಂದರು ಅತ್ತೆ. ನಾನೂ ಎಣಿಸಲೇ ಅಂತ ಒಮ್ಮೆ ಕೇಳಿದ್ದೆ. "ನೀನ್ ಒಳ್ಗಿರಮ್ಮ" ಅಂದಿದ್ದರು. ದನಿಯಲ್ಲಿ ಕೋಪವಿರಲಿಲ್ಲ, ನಂಬಿಕೆಯೂ ಇರಲಿಲ್ಲ. ಹುಳ ಕಟ್ಟಲು ಕೂತಾಗ ಗಾಳಗಳನ್ನು ತಟ್ಟೆಯಲ್ಲಿ ಹರಡುತ್ತಿದ್ದೆ, ಏಳುವ ಮುಂಚೆ ಎಣಿಸುತ್ತಿದ್ದೆ, ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಮತ್ತೆ ಎಣಿಸುತ್ತಿದ್ದೆ.

ಒಂದು ಶುಕ್ರವಾರ ಬೆಳಗ್ಗೆ ಹಸು ಕರು ಹಾಕಿತು. ಡಾಕ್ಟರು ಪಕ್ಕದಲ್ಲೇ ಇದ್ದರು. ಅದು ತಿಣುಕಿದಾಗಲೆಲ್ಲ ನನಗೆ ಗಾಳದ ಮೊನೆಯೇ ಕಣ್ಣ ಮುಂದೆ. ಹೆಣ್ಣು ಕರು, ಹಣೆಯಲ್ಲಿ ಅದೇ ಬಿಳಿ ಮಚ್ಚೆ. ಚುಕ್ಕಿ ಎದ್ದು ನಿಂತು ಕರುವನ್ನು ನೆಕ್ಕಿತು, ಬೆಲ್ಲದ ನೀರು ಕುಡಿಯಿತು. ಡಾಕ್ಟರು ಅದರ ಬೆನ್ನು ಹಿಂಡಿ ನೋಡಿ, ಹಸು ನರಳದ್ದನ್ನು ಕಂಡು, "ಗೆದ್ರಿ ಅಜ್ಜಿ" ಅಂದರು. ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಇಲ್ಲಿಗೆ ಮುಗಿಯಬೇಕಿತ್ತು. ಭಾನುವಾರ ಗಿಣ್ಣು ತಿನ್ನಲು ಬೂದಿಕೋಟೆಯಿಂದ ನಾದಿನಿ ಸರೋಜ ಬಂದಳು. ನಡುಮನೆಯಲ್ಲಿ ಎಲ್ಲರೂ ಕೂತಿದ್ದೆವು. ಎರಡನೇ ಸಲ ಬಡಿಸಿಕೊಂಡು ಅವಳು ಅಣ್ಣನಿಗೆ ಹೇಳಿದಳು, "ಅಣ್ಣ, ಅಮ್ಮಂಗೆ ಇನ್ನ ಅಸು ಕಟ್ಟೋದು ಬೇಡ. ಕಣ್ಣು ಕಾಣಲ್ಲ ಅಂತ ಅವ್ಳೇ ಏಳ್ತಾಳೆ. ಈ ಸಲ ಮೊಳೆ ತಿನ್ನಿಸವ್ಳೆ, ಇನ್ನೊಂದ್ ಸಲ ಏನೋ. ಅಸು, ಕರು ಎರಡೂ ನಾನ್ ಒಡ್ಕೊಂಡ್ ಓಯ್ತೀನಿ. ನಮ್ಮಲ್ಲಿ ನೋಡ್ಕೊಳ್ಳೋರು ಅವ್ರೆ."

"ನಾನೂ ಅದೇ ಯೋಚ್ನೆ ಮಾಡ್ತಿದ್ದೆ" ಅಂದರು ನಮ್ಮ ಯಜಮಾನರು. ಕೆಟ್ಟ ಮಾತಲ್ಲ, ತಾಯಿಯ ಮೇಲಿನ ಕಾಳಜಿಯೇ. "ಇಷ್ಟು ದಿನ ಮಾಡಿದ್ದು ಸಾಕು, ಆಯಾಗಿರಮ್ಮ."

ಅತ್ತೆಯ ಕೈ ಬಟ್ಟಲ ಮೇಲೆ ನಿಂತಿತು. ಅವರು ಮಗನನ್ನು ನೋಡಲಿಲ್ಲ, ಮಗಳನ್ನು ನೋಡಲಿಲ್ಲ, ನನ್ನ ಕಡೆಗಂತೂ ತಿರುಗಲೇ ಇಲ್ಲ. ಗಿಣ್ಣಿನ ತುಂಡೊಂದನ್ನು ಬೆರಳಿನಿಂದ ಒತ್ತುತ್ತಾ ಕೂತರು. ತಾವೇ ಆಡಿದ ಸುಳ್ಳು, ಈಗ ಅದರಿಂದ ಹಿಂದೆ ಬರಲು ಅವರಿಗೆ ದಾರಿಯಿರಲಿಲ್ಲ. ಬಂದರೆ ನನ್ನ ಹೆಸರು ಹೇಳಬೇಕು.

"ಮೊಳೆ ಅಲ್ಲ" ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. "ಗಾಳ. ನಂದು. ಮೊರದಲ್ಲಿ ಬಿಟ್ಟೋಳು ನಾನು. ಬೆಳಗ್ಗೆ ಒಂಬತ್ತೂವರೆಗೇ ಗೊತ್ತಿತ್ತು, ಸಂಜೆ ಐದರವರೆಗೂ ಹೇಳಲಿಲ್ಲ. ಓಲೆ ತಿರುಪು ಅಂತ ಸುಳ್ಳು ಹೇಳಿ ಅತ್ತೆ ಕೈಲಿ ಸಗಣಿ ಕೆದಕಿಸಿದೆ. ಅವರ ಕಣ್ಣಿಗೆ ಏನೂ ಆಗಿಲ್ಲ. ಹಸು ಅವರದು, ಅವರ ಹತ್ತಿರಾನೇ ಇರಬೇಕು."

ಸರೋಜ ನನ್ನನ್ನೇ ನೋಡುತ್ತಾ ಬಾಯಲ್ಲಿದ್ದುದನ್ನು ನುಂಗಿದಳು. ಯಜಮಾನರು, "ಐದು ವಾರ ನನ್ನ ಮುಂದೆನೇ ಓಡಾಡ್ಕೊಂಡಿದ್ದೆಯಲ್ಲೇ" ಅಂದರು.  ನಾನು ಅವರ ಮುಖ ನೋಡುವ ಧೈರ್ಯ ಮಾಡುವಷ್ಟರಲ್ಲಿ ಅತ್ತೆ ಬಟ್ಟಲು ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಎದ್ದರು. ಕೊಟ್ಟಿಗೆಯ ಕಡೆ ನಡೆದರು. ಅವರು ನನಗಾಗಿ ಹೊತ್ತಿದ್ದನ್ನು ನಾನು ಎಲ್ಲರ ಮುಂದೆ ಕಿತ್ತುಕೊಂಡೆನೇನೋ ಅನ್ನಿಸಿತು. ಬಾಗಿಲು ದಾಟಿದ ಮೇಲೆ ಅವರ ದನಿ ಬಂತು.

"ಬಾರಮ್ಮ ಇಲ್ಲಿ. ಮೆಲುಕು ಆಕ್ತಾ ಐತೆ. ಎಣ್ಸೀವಂತೆ."

ಹೋಗಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ. 'ಇಲ್ ಇಟ್ಕೋ' ಅಂತ ನನ್ನ ಕೈ ಹಿಡಿದು ಚುಕ್ಕಿಯ ಗಂಟಲ ಮೇಲೆ ಇಟ್ಟರು. ಒಳಗಿನಿಂದ ಒಂದು ಉಂಡೆ ಉರುಳಿಕೊಂಡು ಅಂಗೈ ಕೆಳಗೆ ಹಾದು ಬಾಯಿಗೆ ಬಂತು. ದವಡೆ ಆಡತೊಡಗಿತು. ಅತ್ತೆ ತೆಲುಗಿನಲ್ಲಿ, ನಾನು ಕನ್ನಡದಲ್ಲಿ, ಇಬ್ಬರೂ ತುಟಿಯೊಳಗೇ ಎಣಿಸಿದೆವು. ದವಡೆ ನಿಂತು ಉಂಡೆ ಮತ್ತೆ ಕೆಳಗಿಳಿಯಿತು.

"ಎಷ್ಟು?" ಅಂದರು.

"ಐವತ್ತೆರಡು."

"ನಂಗೆ ಐವತ್ತಾರು ಬಂತು" ಅಂದರು ಅತ್ತೆ. ಆಮೇಲೆ ನಡುಮನೆಯ ಕಡೆ ಮುಖ ತಿರುಗಿಸಿ, ಒಳಗೆ ಕೂತವರಿಬ್ಬರಿಗೂ ಕೇಳುವಷ್ಟು ಗಟ್ಟಿಯಾಗಿ, "ನಿಂದೇ ಸರಿ ಇರ್ಬೇಕು ಬಿಡಮ್ಮ. ನಂಗೆ ಕಣ್ಣು ಕಾಣಲ್ವಲ್ಲ" ಅಂದರು.